ಹಳೆ ಬೈಕ್‌ನ ಬೋಲ್ಟ್ ಎಷ್ಟು ಟೈಟ್ ಮಾಡಬೇಕು? ಟಾರ್ಕ್ ರೆಂಚ್ ಬಳಸುವವರಿಗೊಂದು ಮಾರ್ಗದರ್ಶಿ

ಕ್ಲಚ್ ಕವರ್‌ನ ಹತ್ತು ಬೋಲ್ಟ್‌ಗಳಲ್ಲಿ ಒಂಬತ್ತು ಕೂತಾಗಿತ್ತು. ಕೊನೆಯದಕ್ಕೆ ರ್ಯಾಚೆಟ್ ಹಾಕಿ ತಿರುಗಿಸುತ್ತಿದ್ದೆ. ಬೋಲ್ಟ್ ಗಟ್ಟಿಯಾಗಿ ನಿಂತಿತು. ಆಯಿಲ್ ಸೋರಬಾರದು ಅಂತ ಇನ್ನೊಂಚೂರು ಎಳೆದೆ. ಅಷ್ಟೇ, ಕೈಗೆ ಸಿಗುತ್ತಿದ್ದ ಬಿಗಿ ಹೋಗಿಬಿಟ್ಟಿತು. ಬೋಲ್ಟ್ ಸುಮ್ನೆ ಸುತ್ತತೊಡಗಿತು. ಹೊರಗೆ ತೆಗೆದರೆ ಅದರ ಮೈಗೆ ಬೆಳ್ಳಿ ಬಣ್ಣದ ಸಣ್ಣ ಸುರುಳಿಯೊಂದು ಸುತ್ತಿಕೊಂಡು ಬಂತು, ಪೆನ್ನಿನೊಳಗಿನ ಸ್ಪ್ರಿಂಗ್ ಥರ. ಅದು ಕ್ರ್ಯಾಂಕ್‌ಕೇಸ್‌ನ (ಎಂಜಿನ್‌ನ ಹೊರಗೂಡು) ಅಲ್ಯೂಮಿನಿಯಂ ಥ್ರೆಡ್, ಅಂದರೆ ಬೋಲ್ಟ್ ಕಚ್ಚಿಕೊಳ್ಳುವ ಸುರುಳಿ ಹಲ್ಲು. ಆ ಬೋಲ್ಟ್‌ಗೆ ಬೇಕಾಗಿದ್ದದ್ದು 10 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ನಾನು ಎಷ್ಟು ಕೊಟ್ಟಿದ್ದೆ ಅಂತ ನನಗೇ ಗೊತ್ತಿರಲಿಲ್ಲ.

ಅದಾದ ಮೇಲೆ ಟಾರ್ಕ್ ರೆಂಚ್ ತಂದೆ, ನಾವು ಇಟ್ಟ ಅಂಕಿಯಷ್ಟು ಟಾರ್ಕ್ ಬಿದ್ದ ಕೂಡಲೇ ಕ್ಲಿಕ್ ಅನ್ನುವ ರೆಂಚ್ ಅದು. ಆದರೆ ರೆಂಚ್ ಬಂದ ಕೂಡಲೇ ಎಲ್ಲ ಸರಿಹೋಗಲಿಲ್ಲ. ಮ್ಯಾನುಯಲ್‌ನಲ್ಲಿರುವ ಅಂಕಿ ಕಾರ್ಖಾನೆಯಿಂದ ಹೊರಬಂದ ಶುಚಿಯಾದ ಥ್ರೆಡ್‌ಗೆ ಬರೆದದ್ದು. ಇಪ್ಪತ್ತು ಮೂವತ್ತು ವರ್ಷ ಓಡಿದ ಬೈಕ್‌ನ ಥ್ರೆಡ್ ಹಾಗಿರುವುದಿಲ್ಲ. ಅದರಲ್ಲಿ ತುಕ್ಕು ಇರುತ್ತದೆ, ಹಳೆ ಗ್ಯಾಸ್ಕೆಟ್ ಗಮ್ ಇರುತ್ತದೆ, ಯಾರೋ ಹಿಂದೆ ಹಾಕಿದ ತಪ್ಪು ಉದ್ದದ ಬೋಲ್ಟ್ ಇರುತ್ತದೆ. ಇವನ್ನು ಸರಿಮಾಡದೆ ರೆಂಚ್ ಹಿಡಿದರೆ ಅದು ಸರಿಯಾದ ಅಂಕಿಗೇ ಕ್ಲಿಕ್ ಅನ್ನುತ್ತದೆ, ಬೋಲ್ಟ್ ಮಾತ್ರ ಬಿಗಿಯಾಗಿರುವುದಿಲ್ಲ. ಹಾಗಾಗಿ ಕ್ಲಿಕ್‌ಗಿಂತ ಮೊದಲಿನ ಕೆಲಸಕ್ಕೇ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ರೆಂಚ್ ಏನನ್ನು ಅಳೆಯುತ್ತದೆ?

25 ಸೆಂಟಿಮೀಟರ್ ಉದ್ದದ ಸ್ಪ್ಯಾನರ್ ತುದಿಯನ್ನು 4 ಕೆಜಿ ಬಲದಿಂದ ಎಳೆದರೆ ಬೋಲ್ಟ್‌ಗೆ ಬೀಳುವ ಟಾರ್ಕ್ ಸುಮಾರು 10 ನ್ಯೂಟನ್ ಮೀಟರ್. ಮುಂದೆ ಇದನ್ನು ಎನ್‌ಎಂ ಅಂತ ಬರೆಯುತ್ತೇನೆ. 4 ಕೆಜಿ ಅಂದರೆ ಎಷ್ಟು ಕಡಿಮೆ ನೋಡಿ. ತುಂಬಿದ ಬಕೆಟ್ ಎತ್ತುವ ಕೈಗೆ ಅದು ಏನೂ ಅಲ್ಲ. 6 ಎಂಎಂ ಬೋಲ್ಟ್‌ಗಳು ಇಷ್ಟೊಂದು ಹಾಳಾಗುವುದು ಇದೇ ಕಾರಣಕ್ಕೆ. ಕೈಗೆ 'ಇನ್ನೂ ಸಾಲದು' ಅನ್ನಿಸುವಾಗಲೇ ಥ್ರೆಡ್‌ಗೆ ಸಾಕಾಗಿರುತ್ತದೆ.

ಬಿಗಿ ಮಾಡಿದ ಬೋಲ್ಟ್ ಒಂದು ಗಟ್ಟಿ ಸ್ಪ್ರಿಂಗ್ ಇದ್ದ ಹಾಗೆ. ತಿರುಗಿಸಿದಂತೆ ಅದು ಕೂದಲೆಳೆಯಷ್ಟು ಉದ್ದವಾಗುತ್ತದೆ, ಮತ್ತೆ ಕುಗ್ಗಲು ಎಳೆಯುತ್ತದೆ. ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುವುದು. ಎಳೆತ ಕಡಿಮೆಯಾದರೆ ಎಂಜಿನ್ ಅದುರಾಟಕ್ಕೆ ಬೋಲ್ಟ್ ಬಿಚ್ಚಿಕೊಳ್ಳುತ್ತದೆ. ಜಾಸ್ತಿಯಾದರೆ ಬೋಲ್ಟ್ ಎಳೆದುಕೊಂಡು ಮತ್ತೆ ಮೊದಲಿನ ಉದ್ದಕ್ಕೆ ಬರುವುದಿಲ್ಲ, ಇಲ್ಲವೇ ಥ್ರೆಡ್ ಕಿತ್ತು ಬರುತ್ತದೆ.

ತೊಂದರೆ ಏನೆಂದರೆ, ರೆಂಚ್ ಈ ಎಳೆತವನ್ನು ನೋಡುವುದಿಲ್ಲ. ತಿರುಗಿಸಲು ಎಷ್ಟು ಕಷ್ಟವಾಗುತ್ತಿದೆ ಅನ್ನುವುದು ಮಾತ್ರ ಅದಕ್ಕೆ ಗೊತ್ತು. ನಾವು ಹಾಕುವ ಶಕ್ತಿಯಲ್ಲಿ ಸುಮಾರು ಅರ್ಧ ಬೋಲ್ಟ್ ತಲೆಯ ಕೆಳಗಿನ ತಿಕ್ಕಾಟಕ್ಕೆ ಹೋಗುತ್ತದೆ. ಇನ್ನು 40 ಭಾಗ ಥ್ರೆಡ್‌ನ ತಿಕ್ಕಾಟಕ್ಕೆ. ಬೋಲ್ಟನ್ನು ನಿಜವಾಗಿ ಎಳೆಯುವುದು ನೂರರಲ್ಲಿ ಹತ್ತೇ ಭಾಗ. ತುಕ್ಕಿನಿಂದ ತಿಕ್ಕಾಟ ಜಾಸ್ತಿಯಾದಷ್ಟೂ ಈ ಹತ್ತು ಭಾಗ ಇಳಿಯುತ್ತದೆ, ತಿಕ್ಕಾಟ ಹೆಚ್ಚುಕಡಿಮೆ ಎರಡರಷ್ಟಾದರೆ ಅರ್ಧಕ್ಕೇ ಇಳಿಯುತ್ತದೆ. ಎಣ್ಣೆ ಬಿದ್ದರೆ ಏರಿಬಿಡುತ್ತದೆ. ಇದೊಂದು ಮನಸ್ಸಲ್ಲಿದ್ದರೆ ಕೆಳಗಿನ ಹಂತಗಳೆಲ್ಲ ತಾವಾಗೇ ಅರ್ಥವಾಗುತ್ತವೆ.

ಹಂತ 1: ನಿಮ್ಮ ಬೈಕ್‌ನ ಅಂಕಿ ಹುಡುಕಿ, ಅಳತೆಯ ಹೆಸರು ನೋಡಿ

ನಿಮ್ಮ ಮಾಡೆಲ್‌ನ, ನಿಮ್ಮ ವರ್ಷದ ಸರ್ವಿಸ್ ಮ್ಯಾನುಯಲ್ ಬೇಕು. ಬೈಕ್ ಜೊತೆ ಕೊಡುವ ಸಣ್ಣ ಪುಸ್ತಕದಲ್ಲಿ ಸಾಮಾನ್ಯವಾಗಿ ಪ್ಲಗ್, ಡ್ರೈನ್ ಬೋಲ್ಟ್, ಆಕ್ಸಲ್ ನಟ್ ಇಷ್ಟೇ ಸಿಗುತ್ತದೆ.

ಹಳೆ ಮ್ಯಾನುಯಲ್‌ಗಳಲ್ಲಿ ಎನ್‌ಎಂ ಬದಲು ಕೆಜಿ-ಮೀಟರ್ ಇರುತ್ತದೆ, ಕೆಲವದರಲ್ಲಿ ಕೆಜಿ-ಸೆಂಟಿಮೀಟರ್, ಇನ್ನು ಕೆಲವದರಲ್ಲಿ ಅಡಿ-ಪೌಂಡ್ ಅಥವಾ ಇಂಚು-ಪೌಂಡ್. 1 ಕೆಜಿ-ಮೀಟರ್ ಅಂದರೆ 9.8 ಎನ್‌ಎಂ, ಗ್ಯಾರೇಜ್ ಲೆಕ್ಕಕ್ಕೆ 10 ಅಂದುಕೊಳ್ಳಬಹುದು. 100 ಕೆಜಿ-ಸೆಂಟಿಮೀಟರ್ ಸೇರಿದರೆ 1 ಕೆಜಿ-ಮೀಟರ್. 1 ಅಡಿ-ಪೌಂಡ್ ಅಂದರೆ 1.36 ಎನ್‌ಎಂ. 12 ಇಂಚು-ಪೌಂಡ್ ಸೇರಿದರೆ 1 ಅಡಿ-ಪೌಂಡ್. ಇಂಚು-ಪೌಂಡ್ ಅಂಕಿಯನ್ನು ಅಡಿ-ಪೌಂಡ್ ಅಂತ ಓದಿದರೆ ಟಾರ್ಕ್ ಹನ್ನೆರಡು ಪಟ್ಟಾಗುತ್ತದೆ. 6 ಎಂಎಂ ಬೋಲ್ಟ್ ಅದನ್ನು ತಡೆಯುವುದೇ ಇಲ್ಲ. ಪುಟ ತೆರೆದಾಗ ಅಂಕಿಗಿಂತ ಮೊದಲು ಅದರ ಪಕ್ಕದ ಅಕ್ಷರ ಓದಿ.

ಮ್ಯಾನುಯಲ್‌ನಲ್ಲಿ ಆ ಬೋಲ್ಟ್‌ನ ಹೆಸರೇ ಇಲ್ಲದಿದ್ದರೆ 'ಸಾಮಾನ್ಯ ಟಾರ್ಕ್' ಅನ್ನುವ ಪಟ್ಟಿ ನೋಡಿ. ಹಳೆ ಜಪಾನಿ ಬೈಕ್‌ಗಳ ಮ್ಯಾನುಯಲ್‌ಗಳಲ್ಲಿ ಅದು ಹೆಚ್ಚುಕಡಿಮೆ ಹೀಗಿರುತ್ತದೆ: 5 ಎಂಎಂ ಬೋಲ್ಟ್‌ಗೆ 5 ಎನ್‌ಎಂ, 6 ಎಂಎಂಗೆ 10, 8 ಎಂಎಂಗೆ 22, 10 ಎಂಎಂಗೆ 34, 12 ಎಂಎಂಗೆ 54. ಇಲ್ಲಿ ಎಂಎಂ ಅಂದರೆ ಥ್ರೆಡ್‌ನ ದಪ್ಪ. ತುಂಬಾ ಜನ ಇದನ್ನು ಸ್ಪ್ಯಾನರ್ ಸೈಜ್ ಅಂದುಕೊಳ್ಳುತ್ತಾರೆ. 10 ನಂಬರ್ ಸ್ಪ್ಯಾನರ್ ಹಿಡಿಯುವ ಬೋಲ್ಟ್‌ನ ಥ್ರೆಡ್ ಸಾಮಾನ್ಯವಾಗಿ 6 ಎಂಎಂ ಇರುತ್ತದೆ. ಅದಕ್ಕೆ 34 ಕೊಟ್ಟರೆ ಮುರಿದು ಕೈಗೆ ಬರುತ್ತದೆ. 12 ನಂಬರ್ ಸ್ಪ್ಯಾನರ್‌ನದು 8 ಎಂಎಂ ಥ್ರೆಡ್, 14 ನಂಬರ್‌ನದು 10 ಎಂಎಂ. ಅನುಮಾನ ಬಂದರೆ ವರ್ನಿಯರ್‌ನಲ್ಲಿ ಥ್ರೆಡ್ ಅಳೆಯಿರಿ.

ಬ್ರೇಕ್, ಸ್ಟೀರಿಂಗ್, ಸಿಲಿಂಡರ್ ಹೆಡ್, ಕನೆಕ್ಟಿಂಗ್ ರಾಡ್, ಕ್ಲಚ್ ನಟ್, ಸ್ವಿಂಗ್‌ಆರ್ಮ್ ಇವಕ್ಕೆ ಈ ಸಾಮಾನ್ಯ ಪಟ್ಟಿ ಬಳಸಬೇಡಿ. ಇವಕ್ಕೆ ಪ್ರತ್ಯೇಕ ಅಂಕಿ ಇದ್ದೇ ಇರುತ್ತದೆ. ಅದು ಸಿಗುವ ತನಕ ಕೆಲಸ ನಿಲ್ಲಿಸಿ.

ಹಳೆ ಬ್ರಿಟಿಷ್ ಬೈಕ್ ಇರುವವರಿಗೆ ಒಂದು ಮಾತು. ಅವುಗಳಲ್ಲಿ ವಿಟ್‌ವರ್ತ್ ಥ್ರೆಡ್ ಇರಬಹುದು. ಅದರ ಹಲ್ಲಿನ ಕೋನ 55 ಡಿಗ್ರಿ, ಮೆಟ್ರಿಕ್‌ನದು 60. ಹತ್ತಿರದ ಸೈಜ್‌ನ ಮೆಟ್ರಿಕ್ ಬೋಲ್ಟ್ ಎರಡು ಸುತ್ತು ಹೋಗಿ ಬಿಗಿಯಾದರೆ 'ಕೂತಿತು' ಅಂದುಕೊಳ್ಳಬೇಡಿ. ಅದು ಥ್ರೆಡ್ ಕೆಡಿಸುತ್ತಾ ಒಳಗೆ ಹೋಗುತ್ತಿರುತ್ತದೆ. ಮೆಟ್ರಿಕ್‌ನಲ್ಲೂ 10 ಎಂಎಂ ಬೋಲ್ಟ್ 1.25 ಪಿಚ್‌ನದೂ ಇದೆ, 1.5 ಪಿಚ್‌ನದೂ ಇದೆ (ಪಿಚ್ ಅಂದರೆ ಒಂದು ಹಲ್ಲಿಂದ ಪಕ್ಕದ ಹಲ್ಲಿಗೆ ಇರುವ ದೂರ, ಎಂಎಂನಲ್ಲಿ). ಹಳೆ ಬೋಲ್ಟನ್ನೂ ಹೊಸದನ್ನೂ ಅಕ್ಕಪಕ್ಕ ಹಿಡಿದು ಹಲ್ಲಿಗೆ ಹಲ್ಲು ಕೂರುತ್ತದಾ ಅಂತ ಬೆಳಕಿಗೆ ನೋಡಿ.

ಹಂತ 2: ರೆಂಚ್ ಆರಿಸುವುದು, ಪರೀಕ್ಷೆ ಮಾಡುವುದು

ಒಂದೇ ರೆಂಚ್‌ನಲ್ಲಿ ಇಡೀ ಬೈಕ್ ಆಗುವುದಿಲ್ಲ. ಕ್ಲಿಕ್ ರೆಂಚ್‌ಗಳು ತಮ್ಮ ಅಳತೆಯ ತೀರಾ ಕೆಳತುದಿಯಲ್ಲಿ ನಂಬಿಕೆಗೆ ಬರುವುದಿಲ್ಲ. 20ರಿಂದ 200 ಎನ್‌ಎಂ ತನಕ ಹೋಗುವ ಕಾರಿನ ರೆಂಚ್ ತಂದು 6 ಎಂಎಂ ಬೋಲ್ಟ್‌ಗೆ ಹಾಕಲು ಹೋಗಬೇಡಿ. ನನ್ನ ಹತ್ತಿರ ಎರಡಿವೆ: 5ರಿಂದ 25ರ ತನಕ ಒಂದು, 20ರಿಂದ 110ರ ತನಕ ಇನ್ನೊಂದು. ಒಂದನ್ನೇ ಕೊಳ್ಳಬೇಕು ಅಂದರೆ ಚಿಕ್ಕದನ್ನೇ ಕೊಳ್ಳಿ ಅಂತ ನಾನು ಹೇಳುತ್ತೇನೆ. ಕೈಯಂದಾಜು ಜಾಸ್ತಿ ಮೋಸ ಮಾಡುವುದು ಸಣ್ಣ ಬೋಲ್ಟ್‌ಗಳಲ್ಲೇ.

ಮುಳ್ಳು ತೋರಿಸುವ ಹಳೆ ಥರದ ಬೀಮ್ ರೆಂಚ್ ಕೂಡ ಒಳ್ಳೆಯದೇ. ಒಳಗೆ ಕೆಡುವಂಥ ಸ್ಪ್ರಿಂಗ್ ಇಲ್ಲ. ಓದುವಾಗ ಮುಳ್ಳನ್ನು ನೇರ ಮೇಲಿಂದ ನೋಡಬೇಕು, ಓರೆಯಾಗಿ ನೋಡಿದರೆ ಅಂಕಿ ತಪ್ಪುತ್ತದೆ.

ರೆಂಚ್ ಸರಿ ಹೇಳುತ್ತದಾ ಅಂತ ಮನೆಯಲ್ಲೇ ನೋಡಬಹುದು. ಚೌಕ ತುದಿಯನ್ನು ವೈಸ್‌ನಲ್ಲಿ ಮೇಲಿಂದ ಕೆಳಗೆ ನಿಲ್ಲಿಸಿ ಹಿಡಿಸಿ, ಆಗ ಹಿಡಿ ನೆಲಕ್ಕೆ ಸಮನಾಗಿ ಅಡ್ಡ ಇರುತ್ತದೆ. ಚೌಕದ ನಡುವಿನಿಂದ ಹಿಡಿಯ ನಡುವಿನ ತನಕ ಟೇಪ್‌ನಲ್ಲಿ ಅಳೆಯಿರಿ. 40 ಸೆಂಟಿಮೀಟರ್ ಬಂತು ಅಂದುಕೊಳ್ಳಿ. ರೆಂಚನ್ನು 40 ಎನ್‌ಎಂಗೆ ಇಡಿ. ಲಗೇಜ್ ತೂಗುವ ಕೊಕ್ಕೆ ತಕ್ಕಡಿಯನ್ನು ಹಿಡಿಯ ನಡುವೆ ಸಿಕ್ಕಿಸಿ, ಹಿಡಿಗೆ ಲಂಬವಾಗಿ, ನೆಲಕ್ಕೆ ಸಮನಾಗಿ ನಿಧಾನ ಎಳೆಯಿರಿ. ಕ್ಲಿಕ್ ಆಗುವಾಗ ತಕ್ಕಡಿ 10.2 ಕೆಜಿ ಆಸುಪಾಸು ತೋರಿಸಬೇಕು. ಐದಾರು ಸಲ ಎಳೆದು ನೋಡಿ. ಪ್ರತಿ ಸಲ ಒಂದೊಂದು ಅಂಕಿ ಬಂದರೆ ಆ ರೆಂಚನ್ನು ನಂಬುವಂತಿಲ್ಲ. ಅಡ್ಡಕ್ಕೆ ಎಳೆಯಲು ಹೇಳಿದ್ದಕ್ಕೆ ಕಾರಣ ಇದೆ. ಕೆಳಗೆ ತೂಕ ನೇತುಹಾಕಿದರೆ ರೆಂಚ್‌ನ ಸ್ವಂತ ತೂಕವೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ಟಾರ್ಕ್ ರೆಂಚ್‌ನಿಂದ ಬೋಲ್ಟ್ ಬಿಚ್ಚಬೇಡಿ. ಕೆಲಸ ಮುಗಿದ ಮೇಲೆ ಕ್ಲಿಕ್ ರೆಂಚನ್ನು ಅದರ ಕನಿಷ್ಠ ಅಂಕಿಗೆ ತಿರುಗಿಸಿ ಇಡಿ, ಅದಕ್ಕಿಂತ ಕೆಳಗೆ ಬೇಡ. ಕೆಳಗೆ ಬಿದ್ದ ರೆಂಚನ್ನು ಮತ್ತೆ ಪರೀಕ್ಷೆ ಮಾಡದೆ ಬಳಸಬೇಡಿ.

ಹಂತ 3: ಬಿಚ್ಚುವಾಗಲೇ ಮುಂದಿನದನ್ನು ಯೋಚಿಸಿ

ಎಂಜಿನ್ ಪೂರ್ತಿ ತಣ್ಣಗಾಗಿರಲಿ. ತುಕ್ಕು ಹಿಡಿದ ಬೋಲ್ಟ್‌ಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಆರು ಮೂಲೆಯ ಸಾಕೆಟ್ ಬಳಸಿ, ಹನ್ನೆರಡು ಮೂಲೆಯದು ಸವೆದ ಬೋಲ್ಟ್ ತಲೆಯನ್ನು ಉರುಟು ಮಾಡುತ್ತದೆ. ಹಳೆ ಜಪಾನಿ ಬೈಕ್‌ಗಳ ಪ್ಲಸ್ ಸ್ಕ್ರೂಗಳು ಜೆಐಎಸ್ (ಜಪಾನಿನ ಕೈಗಾರಿಕಾ ಮಾನಕ) ಅಳತೆಯವು. ನೋಡಲು ಫಿಲಿಪ್ಸ್ ಥರಾನೇ ಇದ್ದರೂ ಫಿಲಿಪ್ಸ್ ಡ್ರೈವರ್ ಅವುಗಳಲ್ಲಿ ಪೂರ್ತಿ ಕೂರುವುದಿಲ್ಲ, ಜಾರಿ ಸ್ಕ್ರೂ ತಲೆ ತಿನ್ನುತ್ತದೆ. ಜೆಐಎಸ್ ಬಿಟ್ ಮತ್ತು ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಇದ್ದರೆ ಅರ್ಧ ತಲೆನೋವು ಕಡಿಮೆ.

ಕವರ್ ಬಿಚ್ಚುವ ಮೊದಲು ಒಂದು ರಟ್ಟಿನ ಮೇಲೆ ಅದರ ಆಕಾರ ಬರೆದುಕೊಳ್ಳಿ. ಬೋಲ್ಟ್ ಇರುವಲ್ಲೆಲ್ಲ ತೂತು ಮಾಡಿ, ಬಿಚ್ಚಿದ ಬೋಲ್ಟನ್ನು ಆಯಾ ತೂತಿಗೇ ಚುಚ್ಚಿ. ಒಂದೇ ಕವರ್‌ನಲ್ಲಿ ಮೂರು ಉದ್ದದ ಬೋಲ್ಟ್‌ಗಳಿರುವುದು ಮಾಮೂಲು. ಉದ್ದದ ಬೋಲ್ಟ್ ಗಿಡ್ಡ ತೂತಿಗೆ ಹೋದರೆ ಅದರ ತುದಿ ತಳಕ್ಕೆ ತಾಗಿ ನಿಲ್ಲುತ್ತದೆ. ರೆಂಚ್ ಕ್ಲಿಕ್ ಅನ್ನುತ್ತದೆ, ಅಂಕಿಯೂ ಸರಿ ಇರುತ್ತದೆ. ಕವರ್ ಮಾತ್ರ ಒತ್ತಿರುವುದಿಲ್ಲ, ಆಯಿಲ್ ಸೋರುತ್ತದೆ. ಗಿಡ್ಡ ಬೋಲ್ಟ್ ಉದ್ದದ ತೂತಿಗೆ ಹೋದರೆ ನಾಲ್ಕೇ ಹಲ್ಲು ಕಚ್ಚಿಕೊಂಡು, ಅವು ಕಿತ್ತು ಬರುತ್ತವೆ. ಅಲ್ಯೂಮಿನಿಯಂನಲ್ಲಿ ಬೋಲ್ಟ್ ತನ್ನ ದಪ್ಪದ ಒಂದೂವರೆ ಪಟ್ಟಾದರೂ ಒಳಗೆ ಹೋಗಿರಬೇಕು. 6 ಎಂಎಂಗೆ 9 ಎಂಎಂ ಆಯಿತು.

ಹಂತ 4: ಥ್ರೆಡ್ ಶುಚಿ ಮಾಡಿ

ಎಲ್ಲಕ್ಕಿಂತ ಜಾಸ್ತಿ ಸಮಯ ಇಲ್ಲಿ ಕೊಡಿ. ಬೋಲ್ಟನ್ನು ಡೀಸೆಲ್ ಅಥವಾ ಬ್ರೇಕ್ ಕ್ಲೀನರ್‌ನಲ್ಲಿ ತೊಳೆದು ವೈರ್ ಬ್ರಷ್‌ನಿಂದ ಉಜ್ಜಿ. ಹಲ್ಲಿನ ಬುಡದ ಕಪ್ಪು ಹೋಗಿ ಲೋಹದ ಬಣ್ಣ ಕಾಣಬೇಕು. ತಲೆಯ ಅಡಿಭಾಗವನ್ನೂ ಉಜ್ಜಿ. ಅರ್ಧ ಶಕ್ತಿ ಅಲ್ಲೇ ಹೋಗುವುದು ಅಂತ ಮೇಲೆ ಹೇಳಿದೆನಲ್ಲ, ವಾಷರ್ ಕೂರುವ ಜಾಗ ಬಣ್ಣ, ತುಕ್ಕು, ಗಮ್ ಇಲ್ಲದೆ ನುಣ್ಣಗಿರಬೇಕು.

ಆಮೇಲೆ ಪ್ರತಿ ಬೋಲ್ಟನ್ನೂ ಹೊಸ ಬೋಲ್ಟ್ ಪಕ್ಕ ಹಿಡಿದು ನೋಡಿ. ನಡುವೆ ಸೊಂಟದ ಥರ ಸಣ್ಣಗಾಗಿದ್ದರೆ, ಅಥವಾ ಹೊಸ ನಟ್ ಬೆರಳಲ್ಲಿ ಕೊನೆ ತನಕ ಸಲೀಸಾಗಿ ಹೋಗದಿದ್ದರೆ, ಅದು ಎಳೆದುಹೋದ ಬೋಲ್ಟ್. ಎಸೆದುಬಿಡಿ. ಬದಲಿ ಹಾಕುವಾಗ ತಲೆಯ ಮೇಲಿನ ಅಂಕಿ ನೋಡಿ. 8.8 ಅಂದರೆ ಅದು ಮುರಿಯುವ ಮಿತಿ 800 ಮೆಗಾಪ್ಯಾಸ್ಕಲ್, ಶಾಶ್ವತವಾಗಿ ಎಳೆದುಕೊಳ್ಳಲು ಶುರುವಾಗುವುದು ಅದರ ನೂರಕ್ಕೆ 80ರಲ್ಲಿ, ಅಂದರೆ 640ರಲ್ಲಿ. ಹೊಳೆಯುತ್ತದೆ ಅಂತ ಸ್ಟೇನ್‌ಲೆಸ್ ಬೋಲ್ಟ್ ಹಾಕುವವರಿದ್ದಾರೆ. ಎ2-70 ಅಂತ ಬರೆದಿರುವ ಮಾಮೂಲಿ ಸ್ಟೇನ್‌ಲೆಸ್ 450ರಲ್ಲೇ ಎಳೆದುಕೊಳ್ಳುತ್ತದೆ. ನಂಬರ್ ಪ್ಲೇಟ್‌ಗೆ, ಮಡ್‌ಗಾರ್ಡ್‌ಗೆ ಹಾಕಿ. ಬ್ರೇಕ್ ಕ್ಯಾಲಿಪರ್‌ಗೆ, ಆಕ್ಸಲ್ ಕ್ಲ್ಯಾಂಪ್‌ಗೆ ಖಂಡಿತ ಬೇಡ.

ಈಗ ತೂತು. ಥ್ರೆಡ್ ಶುಚಿ ಮಾಡುವ ಚೇಸರ್ ಇದ್ದರೆ ಅದನ್ನೇ ಬಳಸಿ. ಹೊಸ ಥ್ರೆಡ್ ಕೊರೆಯುವ ಟ್ಯಾಪ್ ಹಳೆ ಅಲ್ಯೂಮಿನಿಯಂನಲ್ಲಿ ಉಳಿದಿರುವ ಲೋಹವನ್ನೂ ಕೆರೆದು ತೆಗೆಯಬಹುದು. ಚೇಸರ್ ಇಲ್ಲದಿದ್ದರೆ ಅದೇ ಸೈಜಿನ ಹಳೆ ಬೋಲ್ಟ್‌ಗೆ ಹ್ಯಾಕ್ಸಾದಿಂದ ಉದ್ದಕ್ಕೆ ಎರಡು ಗೀರು ಹಾಕಿ, ಅಂಚು ಅರದಿಂದ ತಿಕ್ಕಿ. ಅದನ್ನು ಬೆರಳಲ್ಲಿ ತಿರುಗಿಸುತ್ತಾ ಒಳಗೆ ಬಿಟ್ಟರೆ ಕಸ ಗೀರುಗಳಲ್ಲಿ ತುಂಬಿಕೊಂಡು ಹೊರಗೆ ಬರುತ್ತದೆ. ಮೊದಲ ಸಲ ಮಾಡಿದಾಗ ಆ ಗೀರಲ್ಲಿ ಬಂದ ಕಪ್ಪು ಗಮ್ಮು, ಬಿಳಿ ಪುಡಿ ನೋಡಿದರೆ ನೀವೇ ಬೆರಗಾಗುತ್ತೀರಿ. ಆ ಬಿಳಿ ಪುಡಿ ಅಲ್ಯೂಮಿನಿಯಂ ಹಿಡಿಸಿಕೊಂಡ ತುಕ್ಕು.

ತಳ ಮುಚ್ಚಿದ ತೂತಿನಲ್ಲಿ ಎಣ್ಣೆ, ನೀರು, ಕ್ಲೀನರ್ ಯಾವುದೂ ಉಳಿಯಬಾರದು. ದ್ರವ ಒತ್ತಿಸಿಕೊಳ್ಳುವುದಿಲ್ಲ. ಬೋಲ್ಟ್ ಪಿಸ್ಟನ್ ಥರ ಇಳಿದು ಎರಕದ ಲೋಹವನ್ನೇ ಸೀಳಬಹುದು. ಗಾಳಿ ಊದಿ, ಇಲ್ಲವೇ ಬಟ್ಟೆ ಸುತ್ತಿದ ಕಡ್ಡಿ ಇಳಿಸಿ ಒಣಗಿಸಿ. ಊದುವಾಗ ಕಣ್ಣಿಗೆ ಕನ್ನಡಕ ಇರಲಿ.

ಹಂತ 5: ಒಣಗಿರಬೇಕೋ, ಎಣ್ಣೆ ಹಚ್ಚಬೇಕೋ?

ಮ್ಯಾನುಯಲ್ ಏನೂ ಹೇಳದಿದ್ದರೆ ಶುಚಿಯಾದ, ಒಣ ಥ್ರೆಡ್ ಅಂತಲೇ ಅರ್ಥ. ಹೆಡ್ ನಟ್‌ಗಳಿಗೆ ಎಷ್ಟೋ ಮ್ಯಾನುಯಲ್‌ಗಳು ಥ್ರೆಡ್‌ಗೂ ವಾಷರ್ ಅಡಿಗೂ ಎಂಜಿನ್ ಆಯಿಲ್ ಹಚ್ಚಲು ಹೇಳುತ್ತವೆ. ಅಂಥ ಕಡೆ ಆ ಅಂಕಿ ಎಣ್ಣೆ ಹಚ್ಚಿದ ಥ್ರೆಡ್‌ಗೇ ಬರೆದದ್ದು, ಒಣದಾಗಿ ಬಿಗಿ ಮಾಡಿದರೆ ಹೆಡ್ ಸಡಿಲ ಉಳಿಯುತ್ತದೆ.

ಒಣ ಅಂಕಿ ಇರುವ ಬೋಲ್ಟ್‌ಗೆ ನೀವು ಗ್ರೀಸ್ ಅಥವಾ ಕಾಪರ್ ಪೇಸ್ಟ್ ಹಚ್ಚಿದರೆ ಅದೇ ಟಾರ್ಕ್‌ಗೆ ಎಳೆತ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಜಾಸ್ತಿಯಾಗಬಹುದು. ತುಕ್ಕು ಹಿಡಿಯುವ ಜಾಗದಲ್ಲಿ ಹಚ್ಚಲೇಬೇಕು ಅಂದರೆ ಟಾರ್ಕನ್ನು ಸುಮಾರು ನೂರಕ್ಕೆ 20ರಿಂದ 25 ಕಡಿಮೆ ಮಾಡಿಕೊಳ್ಳಿ. 22 ಇದ್ದದ್ದು 17 ಆಗುತ್ತದೆ.

ಥ್ರೆಡ್ ಲಾಕರ್ (ಬೋಲ್ಟ್ ಅದುರಿ ಬಿಚ್ಚದಂತೆ ಹಿಡಿಯುವ ಅಂಟು) ಬೇಕಾದಲ್ಲಿ ಎಣ್ಣೆಯ ಅಂಶವೇ ಇರಬಾರದು. ಒಂದೆರಡು ಹನಿ ಸಾಕು. ಬೈಕ್ ಕೆಲಸಕ್ಕೆ ನೀಲಿ ಬಣ್ಣದ ಮಧ್ಯಮ ಲಾಕರ್ ಬಳಸಿ. ಕೆಂಪು ಬಣ್ಣದ ಗಟ್ಟಿ ಲಾಕರ್ ಹಾಕಿದರೆ ಮುಂದೆ ಬಿಚ್ಚಲು 250 ಡಿಗ್ರಿ ತನಕ ಕಾಯಿಸಬೇಕಾಗುತ್ತದೆ. ಅಲ್ಲಿ ಸೀಲೋ ಬೇರಿಂಗೋ ಇದ್ದರೆ ಅದೂ ಸುಟ್ಟುಹೋಗುತ್ತದೆ.

ಹಂತ 6: ಕೈಯಲ್ಲಿ ಶುರು, ಹಂತಹಂತವಾಗಿ ಬಿಗಿ

ಬೋಲ್ಟನ್ನು ತೂತಿಗಿಟ್ಟು ಮೊದಲು ಹಿಂದಕ್ಕೆ ತಿರುಗಿಸಿ. ಒಂದು ಕಡೆ 'ಟಕ್' ಅಂತ ಸಣ್ಣಗೆ ಇಳಿಯುತ್ತದೆ. ಅಲ್ಲಿ ಹಲ್ಲಿಗೆ ಹಲ್ಲು ಸಿಕ್ಕಿದೆ. ಅಲ್ಲಿಂದ ಮುಂದಕ್ಕೆ ಬೆರಳಲ್ಲೇ ತಿರುಗಿಸಿ. ಕೊನೆಯ ತನಕ ಬೆರಳಿಗೆ ಬರಬೇಕು. ಮಧ್ಯದಲ್ಲಿ ಸ್ಪ್ಯಾನರ್ ಕೇಳಿದರೆ ಹೊರಗೆ ತೆಗೆದು ಮತ್ತೆ ಶುಚಿ ಮಾಡಿ. ಕವರ್‌ನ ಎಲ್ಲ ಬೋಲ್ಟ್‌ಗಳನ್ನೂ ತೂತಿಗೆ ಇಳಿಬಿಟ್ಟು ಪಕ್ಕದಿಂದ ಕಣ್ಣು ಹಾಯಿಸಿ. ತಿರುಗಿಸುವ ಮೊದಲು ಎಲ್ಲದರ ತಲೆಯೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಹೊರಗಿರಬೇಕು. ಒಂದು ಮಾತ್ರ ಎದ್ದೋ ಮುಳುಗಿಯೋ ಕಂಡರೆ ಅದರ ಉದ್ದ ತಪ್ಪಿದೆ.

ಎಲ್ಲವನ್ನೂ ಮೃದುವಾಗಿ ತಾಗಿಸಿ. ಆಮೇಲೆ ಎದುರುಬದುರು, ಒಂದಾದ ಮೇಲೆ ಅದರ ಎದುರಿನದು. ಹೆಡ್‌ನಲ್ಲಿ ನಡುವಿನಿಂದ ಶುರುಮಾಡಿ ಹೊರಕ್ಕೆ. ಕೊನೆಯ ಅಂಕಿ 20 ಎನ್‌ಎಂ ಇದ್ದರೆ ಮೊದಲ ಸುತ್ತಿನಲ್ಲಿ ಎಲ್ಲಕ್ಕೂ 8, ಎರಡನೆಯದರಲ್ಲಿ 14, ಕೊನೆಗೆ 20. ಒಂದನ್ನೇ ಪೂರ್ತಿ ಬಿಗಿ ಮಾಡಿ ಮುಂದೆ ಹೋದರೆ ಗ್ಯಾಸ್ಕೆಟ್ ಒಂದು ಕಡೆ ಜಜ್ಜಿ ಹೋಗುತ್ತದೆ, ಇನ್ನೊಂದು ಕಡೆ ಸೋರುತ್ತದೆ. ಅಲ್ಯೂಮಿನಿಯಂ ಬಿಸಿಗೆ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಬಿಸಿ ಎಂಜಿನ್‌ನಲ್ಲಿ ಟಾರ್ಕ್ ಹಾಕಿದರೆ ತಣ್ಣಗಾದ ಮೇಲೆ ಲೆಕ್ಕವೇ ಬೇರೆಯಾಗುವುದು ಇದಕ್ಕೇ.

ರೆಂಚನ್ನು ಹಿಡಿಯ ನಡುವೆ ಹಿಡಿದು, ಜರ್ಕ್ ಇಲ್ಲದೆ ನಿಧಾನ ಎಳೆಯಿರಿ. ಕ್ಲಿಕ್ ಆದ ಕೂಡಲೇ ನಿಲ್ಲಿಸಿ. 'ಖಾತ್ರಿಗೆ' ಅಂತ ಮತ್ತೆರಡು ಸಲ ಕ್ಲಿಕ್ ಮಾಡುವ ಅಭ್ಯಾಸ ತುಂಬಾ ಜನಕ್ಕಿದೆ. ಪ್ರತಿ ಸಲವೂ ಬೋಲ್ಟ್ ಒಂಚೂರು ಮುಂದೆ ಹೋಗಬಹುದು. ಸಣ್ಣ ರೆಂಚ್‌ನ ಕ್ಲಿಕ್ ಕಿವಿಗೆ ಕೇಳದೆ ಇರಬಹುದು, ಅಂಗೈಗೆ ಮಾತ್ರ ಗೊತ್ತಾಗುತ್ತದೆ. ಮೊದಲು ದೊಡ್ಡ ಬೋಲ್ಟ್ ಮೇಲೆ ಕಡಿಮೆ ಅಂಕಿಯಲ್ಲಿ ಹತ್ತು ಸಲ ಕ್ಲಿಕ್ ಮಾಡಿ ಕೈಗೆ ಅಭ್ಯಾಸ ಮಾಡಿಸಿ.

ಸಾಕೆಟ್ ಹೋಗದ ಜಾಗಕ್ಕೆ ಕ್ರೋಫುಟ್ ಅಡಾಪ್ಟರ್ (ರೆಂಚ್ ತುದಿಗೆ ಸಿಕ್ಕಿಸುವ ಸ್ಪ್ಯಾನರ್ ಬಾಯಿ) ಬಳಸುವಾಗ ಲೆಕ್ಕ ಬದಲಾಗುತ್ತದೆ. ಅದು ರೆಂಚ್‌ಗೆ ನೇರ ಮುಂದೆ ಚಾಚಿದ್ದರೆ ಉದ್ದ ಜಾಸ್ತಿಯಾಯಿತು. 40 ಸೆಂಟಿಮೀಟರ್ ರೆಂಚ್‌ಗೆ 5 ಸೆಂಟಿಮೀಟರ್ ಸೇರಿದರೆ, 45 ಎನ್‌ಎಂ ಬೇಕಾದಾಗ ರೆಂಚನ್ನು 40ಕ್ಕೆ ಇಡಬೇಕು. ಅಡಾಪ್ಟರನ್ನು ರೆಂಚ್‌ಗೆ 90 ಡಿಗ್ರಿ ಅಡ್ಡ ಹಾಕಿದರೆ ಏನೂ ಬದಲಿಸಬೇಕಾಗಿಲ್ಲ. ನಾನು ಯಾವಾಗಲೂ ಹಾಗೇ ಹಾಕುತ್ತೇನೆ. ಸಾಕೆಟ್ ಮೇಲೆ ನೇರ ನಿಲ್ಲುವ ಎಕ್ಸ್‌ಟೆನ್ಶನ್‌ಗೆ ಈ ಲೆಕ್ಕ ಬೇಡ.

ವಿಶೇಷ ಗಮನ ಬೇಕಾದ ಜಾಗಗಳು

ಡ್ರೈನ್ ಬೋಲ್ಟ್: ಸೋರುವುದನ್ನು ತಡೆಯುವುದು ವಾಷರ್. ಮೆತ್ತನೆಯ ಅಲ್ಯೂಮಿನಿಯಂ ಅಥವಾ ತಾಮ್ರದ ವಾಷರ್ ಒಮ್ಮೆ ಜಜ್ಜಿದರೆ ಗಟ್ಟಿಯಾಗುತ್ತದೆ, ಎರಡನೇ ಸಲ ಕೂರುವುದಿಲ್ಲ. ಹನಿ ಕಂಡ ಕೂಡಲೇ ಇನ್ನಷ್ಟು ಬಿಗಿ ಮಾಡಿ ಮಾಡಿಯೇ ಎಷ್ಟೋ ಕ್ರ್ಯಾಂಕ್‌ಕೇಸ್‌ಗಳ ಥ್ರೆಡ್ ಹೋಗಿರುವುದು. ಆಯಿಲ್ ಬದಲಿಸುವಾಗಲೆಲ್ಲ ವಾಷರನ್ನೂ ಬದಲಿಸಿ.

ಸ್ಪಾರ್ಕ್ ಪ್ಲಗ್: ಅರ್ಧ ಅಡಿ ಪೆಟ್ರೋಲ್ ಪೈಪ್ ತುಂಡನ್ನು ಪ್ಲಗ್‌ನ ಮೇಲ್ತುದಿಗೆ ಸಿಕ್ಕಿಸಿ, ಪೈಪನ್ನು ತಿರುಗಿಸಿ ಪ್ಲಗ್ ಕೂರಿಸಿ. ಥ್ರೆಡ್ ಓರೆ ಹಿಡಿದರೆ ಪೈಪ್ ಜಾರುತ್ತದೆ, ಹೆಡ್ ಉಳಿಯುತ್ತದೆ. 10 ಎಂಎಂ ಥ್ರೆಡ್‌ನ ಪ್ಲಗ್‌ಗೆ 10ರಿಂದ 12 ಎನ್‌ಎಂ, 12 ಎಂಎಂಗೆ 15ರಿಂದ 20, 14 ಎಂಎಂಗೆ 25ರಿಂದ 30. ರೆಂಚ್ ಇಲ್ಲದಿದ್ದರೆ 14 ಎಂಎಂ ಹೊಸ ಪ್ಲಗ್ ಕೈಯಲ್ಲಿ ಕೂತ ಮೇಲೆ ಅರ್ಧ ಸುತ್ತು. ಹಳೆ ಪ್ಲಗ್ ಆದರೆ ಅದರ ವಾಷರ್ ಆಗಲೇ ಜಜ್ಜಿರುತ್ತದೆ, ಹನ್ನೆರಡನೇ ಒಂದು ಸುತ್ತು ಸಾಕು, ಗಡಿಯಾರದ ಮುಳ್ಳು ಒಂದು ಗಂಟೆಯಷ್ಟು ಸರಿದ ಹಾಗೆ.

ಬ್ರೇಕ್ ಪೈಪ್‌ನ ಬ್ಯಾಂಜೊ ಬೋಲ್ಟ್ (ಬ್ರೇಕ್ ಆಯಿಲ್ ಹಾದುಹೋಗಲು ಒಳಗೆ ತೂತಿರುವ ಬೋಲ್ಟ್): ಎರಡೂ ಕಡೆ ಹೊಸ ವಾಷರ್. ಆಮೇಲೆ ಲಿವರ್ ಒತ್ತಿ ಹಿಡಿದು ಒಂದು ನಿಮಿಷ ಬಿಟ್ಟು, ಬಿಳಿ ಟಿಶ್ಯೂ ಸುತ್ತಿ ಒದ್ದೆಯಾಗುತ್ತದಾ ನೋಡಿ. ಬ್ರೇಕ್ ವಿಷಯದಲ್ಲಿ ಒಂದೇ ಒಂದು ಅನುಮಾನ ಇದ್ದರೂ ಗಾಡಿ ರಸ್ತೆಗೆ ಇಳಿಸಬೇಡಿ.

ಆಕ್ಸಲ್: ಟಾರ್ಕ್ ಆದ ಮೇಲೆ ಸ್ಪ್ಲಿಟ್ ಪಿನ್‌ನ ತೂತು ಎದುರಿಗೆ ಬಾರದಿದ್ದರೆ ನಟ್ಟನ್ನು ಮುಂದಕ್ಕೆ ತಿರುಗಿಸಿ ಹೊಂದಿಸಿ, ಹಿಂದಕ್ಕೆ ಬೇಡ. ಪಿನ್ ಪ್ರತಿ ಸಲ ಹೊಸದು. ಮುಂದಿನ ಆಕ್ಸಲ್‌ಗೆ ಕ್ಲ್ಯಾಂಪ್ ಬೋಲ್ಟ್ ಇದ್ದರೆ, ಮೊದಲು ಆಕ್ಸಲ್ ಬಿಗಿ ಮಾಡಿ, ಬ್ರೇಕ್ ಹಿಡಿದು ಫೋರ್ಕನ್ನು ಮೂರ್ನಾಲ್ಕು ಸಲ ಒತ್ತಿ ಬಿಡಿ, ಕಾಲುಗಳು ತಮ್ಮ ಜಾಗಕ್ಕೆ ಬರುತ್ತವೆ. ಕ್ಲ್ಯಾಂಪ್ ಆಮೇಲೆ.

ಸೈಲೆನ್ಸರ್ ಹೆಡ್ ಕಡೆಯ ನಟ್‌ಗಳು: ಈ ನಟ್‌ಗಳು ಕೂರುವ ಸ್ಟಡ್‌ಗಳು (ತಲೆಯಿಲ್ಲದ ಬೋಲ್ಟ್‌ಗಳು) ಬೈಕ್‌ನಲ್ಲಿ ಮುರಿಯುವುದಕ್ಕೇ ಹೆಸರಾದವು. ಬಿಚ್ಚುವಾಗ ಅರ್ಧ ಸುತ್ತು ಹಿಂದೆ, ಕಾಲು ಸುತ್ತು ಮುಂದೆ, ನಡುವೆ ಎಣ್ಣೆ. ಜೋಡಿಸುವಾಗ ಎರಡೂ ಕಡೆ ಸಮನಾಗಿ. ಗ್ಯಾಸ್ಕೆಟ್ ಕುಗ್ಗುತ್ತದೆ, ಹಾಗಾಗಿ ಎರಡು ಮೂರು ಸಲ ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಮತ್ತೆ ನೋಡಬೇಕು.

ಬೋಲ್ಟ್ ಬಿಗಿಯಾಗದೆ ಮೆತ್ತಗೆ ಹೋಗುತ್ತಿದ್ದರೆ

ಸರಿಯಾಗಿ ಕೂರುವ ಬೋಲ್ಟ್ ತಾಗಿದ ಮೇಲೆ ಸ್ವಲ್ಪವೇ ತಿರುಗಿ ಗಟ್ಟಿಯಾಗುತ್ತದೆ. ತಾಗಿದ ಮೇಲೂ ಕಾಲು ಸುತ್ತು, ಅರ್ಧ ಸುತ್ತು ಹೋಗುತ್ತಾ ಕೈಗೆ ಮೇಣದಂತೆ ಅನ್ನಿಸಿದರೆ ಅಲ್ಲೇ ಕೈಬಿಡಿ. ಕ್ಲಿಕ್‌ಗಾಗಿ ಕಾಯಬೇಡಿ, ಅದು ಬರುವುದಿಲ್ಲ. ಥ್ರೆಡ್ ಬಾಗುತ್ತಿದೆ ಅಥವಾ ಬೋಲ್ಟ್ ಎಳೆಯುತ್ತಿದೆ. ಹೊರಗೆ ತೆಗೆದು ನೋಡಿ.

ಥ್ರೆಡ್ ಹೋಗಿದ್ದರೆ ದಪ್ಪ ಬೋಲ್ಟ್ ತುರುಕುವುದು, ಟೆಫ್ಲಾನ್ ಟೇಪ್ ಸುತ್ತುವುದು ಬೇಡ. ಉಕ್ಕಿನ ತಂತಿಯ ಥ್ರೆಡ್ ಇನ್ಸರ್ಟ್, ಅಂದರೆ ಹೆಲಿಕಾಯಿಲ್ ಹಾಕಿ. ಕಿಟ್ ಜೊತೆ ಬರುವ ಡ್ರಿಲ್‌ನಿಂದ ತೂತು ನೇರವಾಗಿ ದೊಡ್ಡದು ಮಾಡಿ, ಕಿಟ್‌ನ ಟ್ಯಾಪ್‌ಗೆ ಗ್ರೀಸ್ ಹಚ್ಚಿ ಥ್ರೆಡ್ ಕೊರೆಯಿರಿ, ಗ್ರೀಸ್ ಚೂರನ್ನೆಲ್ಲ ಹಿಡಿದುಕೊಳ್ಳುತ್ತದೆ. ಇನ್ಸರ್ಟನ್ನು ಮೇಲ್ಮೈಗಿಂತ ಅರ್ಧ ಸುತ್ತಾದರೂ ಕೆಳಗೆ ಇಳಿಸಿ. ಅದರ ತಳದ ಪುಟ್ಟ ಕೊಂಡಿ ಮುರಿದು ಹೊರಗೆ ತೆಗೆದಿದ್ದೀರಿ ಅಂತ ಖಾತ್ರಿ ಮಾಡಿಕೊಳ್ಳಿ. ಅದು ಎಂಜಿನ್ ಒಳಗೆ ಬಿದ್ದರೆ ಹುಡುಕಲು ಅರ್ಧ ಎಂಜಿನ್ ಬಿಚ್ಚಬೇಕು. ನನ್ನ ಕ್ಲಚ್ ಕವರ್‌ನ ಆ ಹತ್ತನೇ ಬೋಲ್ಟ್ ಈಗ ಇಂಥ ಇನ್ಸರ್ಟ್‌ನಲ್ಲೇ ಕೂತಿದೆ. ಸುತ್ತಲಿನ ಒಂಬತ್ತು ಥ್ರೆಡ್‌ಗಳಿಗಿಂತ ಅದೇ ಗಟ್ಟಿ.

ಕೊನೆಯ ಹಂತ: ಗೆರೆ ಎಳೆಯಿರಿ, ಬರೆದಿಡಿ

ಟಾರ್ಕ್ ಮುಗಿದ ಪ್ರತಿ ಬೋಲ್ಟ್‌ನ ತಲೆಯಿಂದ ಪಕ್ಕದ ಲೋಹದ ತನಕ ಪೇಂಟ್ ಮಾರ್ಕರ್‌ನಿಂದ ಒಂದು ಸಣ್ಣ ಗೆರೆ ಎಳೆಯಿರಿ. ಎರಡು ಲಾಭ ಇದೆ. ಕೆಲಸದ ನಡುವೆ ಫೋನ್ ಬಂದು ಎದ್ದು ಹೋದರೂ ಯಾವುದು ಆಗಿದೆ, ಯಾವುದು ಬಾಕಿ ಅಂತ ಗೊತ್ತಾಗುತ್ತದೆ. ಆಮೇಲೆ ಬೋಲ್ಟ್ ಸಡಿಲವಾದರೆ ಗೆರೆ ಮುರಿದು ಎರಡಾಗಿ ಕಾಣುತ್ತದೆ.

100 ಕಿಲೋಮೀಟರ್ ಓಡಿಸಿದ ಮೇಲೆ ತಣ್ಣಗಿನ ಎಂಜಿನ್‌ನಲ್ಲಿ, ಟಾರ್ಚ್ ಹಿಡಿದು ಗೆರೆಗಳನ್ನೆಲ್ಲ ನೋಡಿ. ನೇರ ಇರುವುದನ್ನು ಮುಟ್ಟಬೇಡಿ. ಸುಮ್ನೆ ಮತ್ತೆ ಟಾರ್ಕ್ ಹಾಕಿ ನೋಡಿದರೆ ನಿಂತ ಬೋಲ್ಟ್ ಅಲುಗಲು ಬೇಕಾಗುವ ಜಾಸ್ತಿ ಬಲವನ್ನೇ ರೆಂಚ್ ಅಳೆದು ಕ್ಲಿಕ್ ಅನ್ನುತ್ತದೆ. ಥ್ರೆಡ್ ಲಾಕರ್ ಹಾಕಿದ್ದನ್ನು ಅಲುಗಿಸಿದರೆ ಅದರ ಹಿಡಿತವೂ ಮುರಿಯುತ್ತದೆ. ಗೆರೆ ಮುರಿದ ಬೋಲ್ಟ್ ಸಿಕ್ಕರೆ ಪೂರ್ತಿ ಹೊರಗೆ ತೆಗೆದು, ಶುಚಿ ಮಾಡಿ, ಹಂತ 4ರಿಂದ ಮತ್ತೆ ಮಾಡಿ. ಹೆಡ್ ಬೋಲ್ಟ್ ಆದರೆ ಮ್ಯಾನುಯಲ್ ಹೇಳುವ ಕ್ರಮವೇ ಬೇರೆ ಇರುತ್ತದೆ, ಅದನ್ನೇ ನೋಡಿ.

ಬೈಕ್‌ಗೆ ಅಂತ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾಂಕ, ಓಡಿದ ಕಿಲೋಮೀಟರ್, ಯಾವ ಬೋಲ್ಟ್, ಎಷ್ಟು ಎನ್‌ಎಂ, ಒಣವೋ ಎಣ್ಣೆಯೋ, ಯಾವ ತೂತಿಗೆ ಇನ್ಸರ್ಟ್ ಹಾಕಿದೆ, ಇಷ್ಟು ಬರೆದರೆ ಸಾಕು. ಎಣ್ಣೆ ಮೆತ್ತಿದ ಕೈಯಲ್ಲೂ ಬರೆಯುವ ಹಾಗೆ ಪೆನ್ಸಿಲನ್ನು ದಾರದಲ್ಲಿ ಅದಕ್ಕೇ ಕಟ್ಟಿಡಿ.